ಮಂಗೋಲಿಯಾದ ಡೇರೆಯಲ್ಲಿ ನಮ್ಮ ಹಟ್ಟಿ ಶಾಲೆಯ ಪಾಠ

ಮಂಗೋಲಿಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಅಲ್ಲಿನ ಕುರಿಗಳ ಬಗ್ಗೆ. ಸಿರಾ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವ ಸಾಬರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿಕೊಂಡು, "ಕ್ಯಾ ರಂಗಣ್ಣ, ಅಲ್ಲಿ ಟಗರು ಹೆಂಗವೆ? ನಮ್ದುಕ್ಕಿಂತ ದಪ್ಪನಾ?" ಎಂದರು. ದಪ್ಪ ಎಂದೆ. ಬಾಲದ ಬುಡದಲ್ಲಿ ಕೊಬ್ಬು ಗಂಟು ಕಟ್ಟಿರುತ್ತದೆ, ಉಣ್ಣೆ ಒತ್ತಾಗಿರುತ್ತದೆ ಎಂದೆ. ಅವರು ಇನ್ನೂ ಕೇಳಬೇಕೆಂದು ನಿಂತೇ ಇದ್ದರು. ನನ್ನ ಬಳಿ ಅದಕ್ಕಿಂತ ಹೆಚ್ಚು ಇರಲಿಲ್ಲ. ಕುರಿ ನೋಡಲೆಂದು ಅಷ್ಟು ದೂರ ಹೋದವನು ಶಾಲೆಯ ಯೋಚನೆ ತಲೆಗೆ ಹತ್ತಿಸಿಕೊಂಡು ಬಂದಿದ್ದೇನೆ. ಕುರಿಯ ವಿಷಯ ಓದಲು ಕುಳಿತವರು ಕ್ಷಮಿಸಬೇಕು.

ಹೊರಡುವ ಮೊದಲು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಬಳಿ ನೇಕಾರರ ಸೊಸೈಟಿಯೊಂದರಲ್ಲಿ ಉಣ್ಣೆ ತೂಗಿ, ಕಂಬಳಿ ಲೆಕ್ಕ ಇಡುವ ಕೆಲಸ. ನಮ್ಮದು ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಒಂದು ಸಣ್ಣ ಹಟ್ಟಿ. ಹಿಂದಿನಿಂದಲೂ ಕುರಿ ಮೇಯಿಸಿಕೊಂಡು ಬಂದವರು. ಹೊರದೇಶಗಳ ಕುರಿಗಾಹಿಗಳೆಲ್ಲ ಮಂಗೋಲಿಯಾದಲ್ಲಿ ಸೇರುತ್ತಾರೆ, ಒಬ್ಬರು ಬನ್ನಿ ಎಂದು ಕುರಿಗಾರರ ನಡುವೆ ಕೆಲಸ ಮಾಡುವ ಸಂಸ್ಥೆಯ ಸುಜಾತ ಮೇಡಂ ಕರೆದಾಗ, ಬೇರೆ ವರ್ಷವಾಗಿದ್ದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದೆ. ಈ ವರ್ಷ ಕೂಡಲೇ ಒಪ್ಪಿಕೊಂಡೆ. ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದ ನನ್ನ ಹೆಂಡತಿ ಮನೆಗೆ ವಾಪಸ್ ಬರಲಿಲ್ಲ. ಅಂದಿನಿಂದ ಒಂದು ಕಡೆ ಕುಂತರೆ ಇನ್ನೊಂದು ಕಡೆ ಏನೋ ಬಿಟ್ಟು ಬಂದಂತೆ ಆಗುತ್ತಿತ್ತು. ಎದ್ದು ಅಲ್ಲಿಗೆ ಹೋದರೆ ಅಲ್ಲೂ ಏನೂ ಇರುತ್ತಿರಲಿಲ್ಲ.

ಅವಳು ನಮ್ಮ ಹಟ್ಟಿಯ ಸರ್ಕಾರಿ ಶಾಲೆಯ ಮೇಡಂ. ಒಂದರಿಂದ ಐದರವರೆಗೆ ಅವಳೊಬ್ಬಳೇ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನಮ್ಮ ಜಗುಲಿಯ ಮೇಲೆ ಕುಳಿತು ಫೋನಿನಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಿದಳು. ಫೋನ್ ಹಿಡಿಯುತ್ತಿದ್ದವನು ನಾನು. ಆಮೇಲೆ ಯಾರೋ ದಾನಿಗಳು ಶಾಲೆಗೆ ದೊಡ್ಡ ಟಿವಿ ಕೊಟ್ಟರು. ಅವಳು ಇದ್ದಾಗ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದಳು; ವಾರಕ್ಕೊಮ್ಮೆ ತೆಗೆದು ಹಕ್ಕಿ, ಹಡಗು, ಜ್ವಾಲಾಮುಖಿ ತೋರಿಸುತ್ತಿದ್ದಳು. ಅವಳು ಹೋದ ಮೇಲೆ ಬೇರೆ ಶಾಲೆಯ ಮೇಷ್ಟ್ರೊಬ್ಬರು ಕೆಲವು ದಿನ ಬರುತ್ತಾರೆ. ಅವರು ಬಾರದ ದಿನ ಬಿಸಿಯೂಟದ ಸಾಕಮ್ಮ ಟಿವಿ ಹಾಕುತ್ತಾಳೆ. ಟಿವಿಯಲ್ಲಿ ನನ್ನ ಹೆಂಡತಿ ಪಾಠ ಮಾಡುತ್ತಾಳೆ.

ಇದು ನನಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಗಾಡಿಯಲ್ಲಿ ಶಾಲೆಯ ಮುಂದೆ ಹೋಗುತ್ತಿದ್ದಾಗ ಒಳಗಿನಿಂದ ಅವಳ ದನಿ ಬಂತು. ಹಿಂದೆಯೇ ಮಕ್ಕಳೆಲ್ಲ ಒಟ್ಟಿಗೆ ಕೂಗಿದ ಸದ್ದು. ಆಮೇಲೆ ಅವಳು "ಭೇಷ್!" ಎಂದಳು. ಗಾಡಿ ತಾನಾಗಿಯೇ ನಿಂತುಹೋಯಿತು. ಮರುದಿನದಿಂದ ನಾನು ಕೆರೆ ಏರಿಯ ಮೇಲೆ ಸುತ್ತಿಕೊಂಡು ಕೆಲಸಕ್ಕೆ ಹೋಗತೊಡಗಿದೆ.

ಹೊರಡುವ ಹಿಂದಿನ ದಿನ ಈರಣ್ಣ ಬಂದ. ನಮ್ಮ ದೊಡ್ಡಪ್ಪನ ಮಗ, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ.

"ಮಕ್ಳು ಗಲಾಟೆನೇ ಮಾಡಾಕಿಲ್ಲ ಕಣ್ಲಾ. ಅವ್ಳ ದನಿ ಬಂತು ಅಂದ್ರೆ ಸಾಕು, ಕಾಲು ಮಡಚ್ಕಂಡು ಕೂತ್ಕಂಬುಡ್ತವೆ. ಮೇಲಿಂದ ಬಂದೋರೂ ನೋಡಿ ಮೆಚ್ಕಂಡು ಹೋದ್ರು. ಕೊರಟಗೆರೆ ಕಡೆ, ಪಾವಗಡದ ಕಡೆ, ಮೇಷ್ಟ್ರಿಲ್ದೇ ಇರೋ ಹಟ್ಟಿ ಸ್ಕೂಲಿಗೆಲ್ಲಾ ಇದನ್ನೇ ಕೊಟ್ಬುಡಾನ ಅಂತವ್ರೆ. ನಮ್ಮತ್ರ ಇರೋದು ಒಂದಷ್ಟು. ಮಿಕ್ಕಿದ್ದೆಲ್ಲಾ ಅವ್ಳ ಫೋನಲ್ಲೈತೆ. ನೀನು ಹೂಂ ಅನ್ನು, ಅಷ್ಟೇಯ."

"ಮೇಷ್ಟ್ರು ಯಾವಾಗ ಬರ್ತಾರೆ?"

"ಬತ್ತಾರೆ ಬುಡು. ಅಲ್ಲೀಗಂಟ ಇದು ನಡೀಲಿ. ನನ್ನ ಮೊಮ್ಮಗ್ಳು ಪಲ್ಲವಿ ಇಲ್ವಾ, ಲೆಕ್ಕ ಪಟಪಟಾಂತ ಹೇಳ್ತಾಳೆ ಈಗ. ಟಿವಿಗೇ ಉತ್ರ ಕೊಡ್ತಾಳೆ!"

ವಾಪಸ್ ಬಂದು ಹೇಳುತ್ತೇನೆ ಎಂದೆ. ಅವಳ ಫೋನನ್ನು ಬ್ಯಾಗಿಗೆ ಹಾಕಿಕೊಂಡೆ. ಅವಳು ಹೋದ ಮೇಲೆ ಅದನ್ನು ಚಾರ್ಜ್ ಮಾಡುತ್ತಿದ್ದೆನೇ ಹೊರತು ತೆರೆದು ನೋಡಿರಲಿಲ್ಲ.

ಉಲಾನ್‌ಬಾತರ್

ವಿಮಾನ ನಿಲ್ದಾಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೊಲೀಸರಲ್ಲ, ನಾಯಿ. ಸಾಮಾನು ಮೂಸಿ ನೋಡಲು ಸಾಕಿದ ನಾಯಿ ನಾನು ಊರಿಂದ ತಂದಿದ್ದ ಕಂಬಳಿಯ ಪಕ್ಕದಲ್ಲಿ ಕುಳಿತುಬಿಟ್ಟಿತು. ಎಳೆದರೂ ಏಳಲಿಲ್ಲ. ಹಿಂದಿದ್ದ ಜನರೆಲ್ಲ ನನ್ನನ್ನು ಕಳ್ಳನಂತೆ ನೋಡತೊಡಗಿದರು. "ರಂಗಣ್ಣೋರೇ, ಒಳಗಡೆ ಏನಾದ್ರೂ ಇಟ್ಟಿದೀರಾ?" ಎಂದು ಸುಜಾತ ಮೇಡಂ ಗಾಬರಿಯಿಂದ ಕೇಳಿದರು. ಹುರಿಹಿಟ್ಟಿನ ಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ. ಅಧಿಕಾರಿ ಹೆಂಗಸು ಬಂದು ಕಂಬಳಿಯನ್ನು ಬಿಡಿಸಿ, ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದಳು. ಥೇಟ್ ನಮ್ಮ ಸಿರಾದ ವ್ಯಾಪಾರಿಗಳು ನೋಡುವ ಹಾಗೆ. ಮುಖದಲ್ಲಿ ಒಂದು ಸಣ್ಣ ನಗು ಬಂತು, ಮಡಚಿ ಕೊಟ್ಟಳು. ನಾಯಿ ಮಾತ್ರ ಬಾಗಿಲವರೆಗೂ ನನ್ನನ್ನೇ ನೋಡುತ್ತಿತ್ತು.

ಸಭೆ ದೊಡ್ಡ ಹಾಲಿನಲ್ಲಿ. ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಯಾವುದೋ ಭಾಷೆ ಇನ್ಯಾವುದೋ ಭಾಷೆಯಾಗಿ ಬರುತ್ತಿತ್ತು, ಕನ್ನಡವಾಗಿ ಬರುತ್ತಿರಲಿಲ್ಲ. ಅರ್ಧ ಗಂಟೆ ಕೂರಲಾಗದೆ ಹೊರಗೆ ಬಂದು ಬೀದಿ ಸುತ್ತಿದೆ. ಅಂಗಡಿಗಳ ಮುಂದೆ ತಾಯಂದಿರು ಮಕ್ಕಳಿಗೆ ಯೂನಿಫಾರಂ ಅಳತೆ ನೋಡುತ್ತಿದ್ದರು. ಅಲ್ಲಿ ಸೆಪ್ಟೆಂಬರ್ ಒಂದಕ್ಕೆ ಶಾಲೆ ತೆರೆಯುತ್ತದೆ. ಒಂದು ಸರ್ಕಾರಿ ಶಾಲೆಯ ಗೇಟಿನೊಳಗೆ ಮೇಡಂಗಳೆಲ್ಲ ಸೇರಿ ಕಿಟಕಿ ಒರೆಸುತ್ತಿದ್ದರು, ಒಬ್ಬರು ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದರು. ಆ ಕಡೆ ಒಂದು ಕೋಣೆಯಲ್ಲಿ ನಮ್ಮ ಹಟ್ಟಿಯಲ್ಲಿರುವಂಥದೇ ದೊಡ್ಡ ಪರದೆ. ಅದಕ್ಕೂ ಹೂವಿನ ಬಟ್ಟೆ ಹೊದಿಸಿದ್ದರು. ನಾನು ಗೇಟಿನ ಹೊರಗೆ ತುಂಬ ಹೊತ್ತು ನಿಂತಿದ್ದೆ. ಕಾವಲಿನವನು ಬಂದು ಏನೋ ಕೇಳಿದ. ಮಾತು ತಿಳಿಯದೆ ಕೈಮುಗಿದೆ. ಅವನೂ ತಲೆಬಾಗಿಸಿದ.

ಸರ್ಕಾರಿ ಶಾಲೆ ಎಂದರೆ ನಮ್ಮಲ್ಲಿ ಈಗ ಮೂಗು ಮುರಿಯುತ್ತಾರೆ. ಹಟ್ಟಿಗೂ ಹಳದಿ ವ್ಯಾನು ಬರುತ್ತದೆ; ನಾಲ್ಕು ಮನೆಯವರು ಮಕ್ಕಳನ್ನು ಅದರಲ್ಲಿ ತುಂಬಿ ಕಳಿಸುತ್ತಾರೆ. ಅವರನ್ನು ಬೈಯಲಾರೆ. ಒಬ್ಬಳೇ ಮೇಡಂ ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡರೆ ಯಾವ ತಾಯಿಗೆ ಧೈರ್ಯ ಬಂದೀತು? ಆದರೆ ಶಾಲೆ ನೋಡಲು ಬರುವವರು ಟಿವಿ ಇದೆಯೇ, ಕಂಪ್ಯೂಟರ್ ಇದೆಯೇ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಮೇಷ್ಟ್ರು ಇದ್ದಾರೆಯೇ ಎಂದು ಕೇಳುವುದನ್ನು ನಾನು ಕಂಡಿಲ್ಲ. ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿರುತ್ತದೇನೋ.

ದಾರಿಯಿಲ್ಲದ ದಾರಿ

ಸಭೆ ಮುಗಿದ ಮೇಲೆ ನಮ್ಮನ್ನು ಗುಂಪುಗಳಾಗಿ ಕುರಿಗಾಹಿಗಳ ಮನೆಗಳಿಗೆ ಕಳಿಸಿದರು. ನಾನು, ಸುಜಾತ ಮೇಡಂ, ಮತ್ತು ಬಾತ್ ಎಂಬ ನಡುವಯಸ್ಸಿನ ದುಭಾಷಿ ಒಂದು ವ್ಯಾನಿನಲ್ಲಿ. ಅಲ್ಲಿನವರ ಮಾತನ್ನು ಬಾತ್ ಇಂಗ್ಲಿಷಿಗೆ ತರುತ್ತಿದ್ದ, ಸುಜಾತ ಮೇಡಂ ಕನ್ನಡಕ್ಕೆ. ಯಾರಾದರೂ ಜೋಕು ಹೇಳಿದರೆ ಅವರು ನಕ್ಕು ಮುಗಿಸಿದ ಮೇಲೆ ಬಾತ್ ನಗುತ್ತಿದ್ದ, ಅವನು ಮುಗಿಸಿದ ಮೇಲೆ ಮೇಡಂ, ಕೊನೆಗೆ ನಾನೊಬ್ಬನೇ. ಅಷ್ಟು ಹೊತ್ತಿಗೆ ಉಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ಟಾರು ಮುಗಿದ ಮೇಲೆ ದಾರಿ ಎಂಬುದೇ ಇಲ್ಲ. ಹುಲ್ಲಿನ ಮೇಲೆ ಹತ್ತಾರು ಗಾಲಿ ಗುರುತು. ಡ್ರೈವರು ಮನಸ್ಸಿಗೆ ಬಂದದ್ದನ್ನು ಹಿಡಿಯುತ್ತಾನೆ. ನಮ್ಮ ಕಡೆ ಎತ್ತ ತಿರುಗಿದರೂ ಒಂದು ಬಂಡೆ ಅಡ್ಡ ನಿಲ್ಲುತ್ತದೆ. ಮಧುಗಿರಿ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡರೆ ಮುಂದೆ ಚನ್ನರಾಯನದುರ್ಗ ಕಾಣುತ್ತದೆ. ನಾವು ಎಲ್ಲಿದ್ದೇವೆಂದು ಬೆಟ್ಟಗಳೇ ಹೇಳುತ್ತವೆ. ಇಲ್ಲಿ ನೋಟ ಹೋಗಿ ಹೋಗಿ ಸುಸ್ತಾಗಿ ವಾಪಸ್ ಬರುತ್ತಿತ್ತು. ಮರವಿಲ್ಲ, ಬೇಲಿಯಿಲ್ಲ. ದಾರಿಯಲ್ಲಿ ಒಬ್ಬರು ಹುಳಿ ಬಂದ ಕುದುರೆ ಹಾಲು ಕೊಟ್ಟರು. ಬೇಡವೆನ್ನಬಾರದು ಎಂದು ಬಾತ್ ಹೇಳಿದ್ದರಿಂದ ಪೂರ್ತಿ ಕುಡಿದೆ. ಆಮೇಲೆ ವ್ಯಾನನ್ನು ಮೂರು ಸಲ ನಿಲ್ಲಿಸಬೇಕಾಯಿತು. ಮರೆಗೆ ಒಂದು ಪೊದೆಯೂ ಇಲ್ಲದ ನಾಡಿನಲ್ಲಿ ಹೊಟ್ಟೆ ಕೆಡುವುದು ಎಂಥ ಕಷ್ಟವೆಂದು ನಮ್ಮ ಜಾಲಿಗಿಡಗಳ ನಡುವೆ ಬೆಳೆದವನಿಗೆ ಅಂದು ತಿಳಿಯಿತು.

ಆದರೂ ವ್ಯಾನು ಓಡುತ್ತಿರುವಷ್ಟು ಹೊತ್ತು ನನಗೆ ಸಮಾಧಾನವಿತ್ತು. ನಿಂತರೆ ಕಳವಳ ಶುರುವಾಗುತ್ತಿತ್ತು. ಬ್ಯಾಗಿನೊಳಗಿದ್ದ ಅವಳ ಫೋನನ್ನು ಕೈ ಆಗಾಗ ಮುಟ್ಟಿ ನೋಡುತ್ತಿತ್ತು. ಈರಣ್ಣನಿಗೆ ಏನು ಹೇಳುವುದು? ಹೂಂ ಎಂದರೆ ಅವಳ ದನಿ ನಾನು ಕಾಣದ ಎಷ್ಟೋ ಹಟ್ಟಿಗಳಲ್ಲಿ ದಿನವೂ ಕೇಳಿಸುತ್ತದೆ; ಅವಳು ಕಲಿಸುತ್ತಲೇ ಇರುತ್ತಾಳೆ. ಅದರಲ್ಲಿ ತಪ್ಪೇನು? ಊಹೂಂ ಎಂದರೆ ಮೇಷ್ಟ್ರು ಬಾರದ ದಿನ ಮಕ್ಕಳ ಮುಂದೆ ಏನೂ ಉಳಿಯುವುದಿಲ್ಲ. ಹೂಂ ಎಂದೇ ಬಿಡೋಣವೆಂದು ಒಂದು ಗುಡ್ಡ ದಾಟುವಾಗ ಅನ್ನಿಸುತ್ತಿತ್ತು. ಮುಂದಿನ ಗುಡ್ಡದ ಹೊತ್ತಿಗೆ ಮನಸ್ಸು ಬದಲಾಗಿರುತ್ತಿತ್ತು.

ನೊಮಿನ್ ಮನೆ

ಮಂಗೋಲಿಯಾದ ಡೇರೆಯ ಹತ್ತಿರ ಹೋಗುವಾಗ ನಮಸ್ಕಾರ ಎನ್ನುವುದಿಲ್ಲ; "ನಾಯಿ ಹಿಡಿಯಿರಿ" ಎಂದು ಕೂಗುತ್ತಾರೆ. ಬಾತ್ ಕೂಗಿದ. ನಾಯಿಗಳು ಅವನನ್ನು ಬಿಟ್ಟು ನೇರ ನನ್ನ ಕಡೆ ಬಂದವು. ಕಂಬಳಿಯೇ ಕಾರಣವೆಂದು ಈಗ ಗೊತ್ತಿತ್ತಲ್ಲ, ತೆಗೆದು ಮುಂದೆ ಹಿಡಿದೆ. ಮೂಸಿ ನೋಡಿ ಸುಮ್ಮನಾದವು.

ಬಾಗಿಲಲ್ಲಿ ಹೊಸಿಲು ತುಳಿಯದೆ ದಾಟಿದ್ದಕ್ಕೆ ಮನೆಯ ಅಜ್ಜಿಗೆ ಆಶ್ಚರ್ಯ. ಹೊರಗಿನವರೆಲ್ಲ ತುಳಿದೇ ಬರುತ್ತಾರಂತೆ. ನಮ್ಮ ಅವ್ವ ಹೊಸಿಲು ತುಳಿದರೆ ಕಾಲಿಗೆ ಬಡಿಯುತ್ತಿದ್ದಳೆಂದೆ. ನನ್ನ ಅವ್ವನೂ ಹಾಗೆಯೇ ಎಂದಳು ಅಜ್ಜಿ. ಕೊಟ್ಟ ಹಾಲಿನ ಚಹಾ ಉಪ್ಪುಪ್ಪಾಗಿತ್ತು. ಕೆಟ್ಟಿದೆಯೇನೋ ಎಂದುಕೊಂಡೆ, ಮಜ್ಜಿಗೆಯೆಂದು ತಿಳಿದು ಕುಡಿದ ಮೇಲೆ ಸರಿಹೋಯಿತು. ಹೊರಗೆ ಹೋಗಿ ಒಂದು ಕುರಿಯ ತುಟಿ ಎತ್ತಿ ಹಲ್ಲು ನೋಡಿದೆ. ಮನೆಯ ಯಜಮಾನ ಬಂದು ಬೆನ್ನು ತಟ್ಟಿದ. ಅಲ್ಲಿಂದಾಚೆ ನಮಗೆ ದುಭಾಷಿ ಅಷ್ಟಾಗಿ ಬೇಕಾಗಲಿಲ್ಲ.

ಡೇರೆಗೆ ಒರಗಿಸಿ ಬಾಗಿಲಗಲದ ಒಂದು ಸೋಲಾರ್ ಫಲಕ ಇಟ್ಟಿದ್ದರು. ಅದರಿಂದ ಒಂದು ದೀಪ, ಫೋನು, ಸಣ್ಣ ಟಿವಿ. ಬೇರೆ ಕಡೆಗೆ ಹೋಗುವಾಗ ಅದನ್ನೂ ಕಟ್ಟಿ ಗಾಡಿಗೆ ಹಾಕುತ್ತಾರಂತೆ. ನಮ್ಮ ಪಾವಗಡದ ತಿರುಮಣಿಯ ಕಡೆ ಸೋಲಾರ್ ಪಾರ್ಕಿನ ಫಲಕಗಳು ಕಣ್ಣು ಹಾಯುವವರೆಗೆ ಇವೆ. ಹೊಲ ಗುತ್ತಿಗೆಗೆ ಕೊಟ್ಟವರು ಬೇಲಿಯ ಆಚೆ, ಕುರಿಗಳು ಸುತ್ತಿಕೊಂಡು ಹೋಗಬೇಕು. ಇಲ್ಲಿ ಒಂದು ಮೇಕೆ ಆ ಫಲಕವನ್ನು ನೆಕ್ಕುತ್ತ ನಿಂತಿತ್ತು. ಯಾರೂ ಅದನ್ನು ಓಡಿಸಲಿಲ್ಲ.

ಆ ಮನೆಯ ಮಗು ನೊಮಿನ್. ಆರು ವರ್ಷ. ಕೆನ್ನೆಗಳು ಬಿಸಿಲಿಗೂ ಗಾಳಿಗೂ ಒಡೆದು ಕೆಂಪಾಗಿದ್ದವು. ಆ ವರ್ಷ ಅವಳನ್ನು ದೂರದ ಊರಿನ ಶಾಲೆಗೆ ಸೇರಿಸಿ ಹಾಸ್ಟೆಲ್ಲಿನಲ್ಲಿ ಬಿಡಬೇಕಿತ್ತು. ಆ ವಿಷಯಕ್ಕೆ ಅತ್ತೆ ಸೊಸೆಗೆ ಜಗಳ.

"ಆರು ವರ್ಷದ ಕೂಸು ತಾಯಿ ಬಿಟ್ಟು ಮಲಗ್ತದಾ? ಇಲ್ಲೇ ಟಿವಿ ಇದೆ. ಕೊರೊನಾ ರೋಗ ಬಂದಾಗ ಇವಳ ಅಣ್ಣ ಅದರಲ್ಲೇ ಓದಲಿಲ್ವಾ?" ಎಂದಳು ಅಜ್ಜಿ.

"ಓದಿದ, ನಿಜ. ಕುರಿ ಮೇಯಿಸೋಕೆ ಎಷ್ಟು ಬೇಕೋ ಅಷ್ಟು," ಎಂದಳು ಸೊಸೆ.

"ನಿನ್ನ ಗಂಡನೂ ಅಷ್ಟೇ ಓದಿದ್ದು. ನಿನಗೆ ಕಡಿಮೆ ಆಗಿದ್ದೇನು?"

"ಹೇಳ್ಲಾ?" ಎಂದು ಸೊಸೆ ನಮ್ಮ ಕಡೆ ನೋಡಿದಳು. ಯಜಮಾನ ಮೆಲ್ಲಗೆ ಎದ್ದು ಕುರಿ ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋದ.

ನನಗೆ ನಮ್ಮ ಹಟ್ಟಿಯೇ ನೆನಪಾಯಿತು. ಕುರಿ ಮಂದೆ ಬೇರೆ ಸೀಮೆಗೆ ಹೊರಟಾಗ ಮಕ್ಕಳೂ ಜೊತೆಗೆ ಹೋಗಿಬಿಡುತ್ತಿದ್ದವು. ಅವರು ಎಲ್ಲಿ ಬಿಡಾರ ಹೂಡಿದ್ದಾರೆಂದು ವಿಚಾರಿಸಿಕೊಂಡು ನನ್ನ ಹೆಂಡತಿ ಭಾನುವಾರ ನನ್ನ ಗಾಡಿಯ ಹಿಂದೆ ಕುಳಿತು ಹೊಲಗಳ ನಡುವೆ ಹುಡುಕುತ್ತಿದ್ದಳು. ಪಾವಗಡದ ಗಡಿ ದಾಟಿ, ತೆಲುಗಿನವರ ಹೊಲದಲ್ಲಿ, ಮಂದೆಯ ಪಕ್ಕ ಕೂತು ಮಗ್ಗಿ ಹೇಳಿಸಿದ್ದೂ ಉಂಟು.

ಜಗುಲಿಯ ಪಾಠ

ಎರಡನೆಯ ದಿನ ಮೋಟಾರ್ ಸೈಕಲ್ಲಿನಲ್ಲಿ ಒಯುನ್ ಟೀಚರ್ ಬಂದರು. ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಶಾಲೆ ತೆರೆಯುವ ಮುಂಚೆ ಡೇರೆ ಡೇರೆಗೂ ಹೋಗಿ ಮಕ್ಕಳನ್ನು ಕಳಿಸಿ ಎಂದು ಹೇಳುವುದು ಅಲ್ಲಿನ ಪದ್ಧತಿ. ನಮ್ಮ ದಾಖಲಾತಿ ಆಂದೋಲನದ ಹಾಗೆ. ಜಾಥಾ, ಬ್ಯಾನರು ಇಲ್ಲ ಅಷ್ಟೆ. ಅಜ್ಜಿ ಅವರಿಗೂ ಟಿವಿಯನ್ನೇ ತೋರಿಸಿದಳು. ಟೀಚರ್ ವಾದ ಮಾಡದೆ ಚಹಾ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ ನಿಮ್ಮಲ್ಲಿ ಹೇಗೆ ಎಂದು ಕೇಳಿದರು.

"ಇವರ ಮನೆಯವರೂ ಟೀಚರ್ ಆಗಿದ್ರು. ರಂಗಣ್ಣೋರೇ, ವಿಡಿಯೋ ಇದೆ ಅಂದಿದ್ರಲ್ಲ, ತೋರಿಸ್ತೀರಾ? ಕಷ್ಟ ಆದ್ರೆ ಬೇಡ," ಎಂದರು ಸುಜಾತ ಮೇಡಂ.

ಬೇಡವೆನ್ನಬಹುದಿತ್ತು. ಕನ್ನಡ ಗೊತ್ತಿಲ್ಲದವರ ನಡುವೆ ನೋಡುವುದು ಸುಲಭವಾದೀತು ಎನ್ನಿಸಿ ಫೋನ್ ತೆಗೆದೆ.

ನಮ್ಮ ಜಗುಲಿ. ಅವಳ ಮುಂದೆ ಮೊರ, ಮೊರದಲ್ಲಿ ಹುಣಸೆ ಬೀಜ. ಕಳೆಯುವ ಲೆಕ್ಕ. ಏಳು ಬೀಜ ಎಣಿಸಿ ಇಟ್ಟಳು. ಮೂರನ್ನು ಪಕ್ಕಕ್ಕೆ ಸರಿಸಿದಳು. "ಈಗ ಎಷ್ಟು ಉಳೀತು? ಹೇಳಿ ನೋಡೋಣ," ಎಂದು ಹುಬ್ಬು ಎತ್ತಿ ಕಾದಳು. ಮಾತು ತಿಳಿಯದಿದ್ದರೂ ಬೀಜ ಕಾಣುತ್ತಿತ್ತಲ್ಲ, ನೊಮಿನ್ "ದೊರೋವ್!" ಎಂದಳು. ನಾಲ್ಕು. ನನ್ನ ಹೆಂಡತಿ "ಭೇಷ್!" ಎಂದಳು.

ಡೇರೆಯೆಲ್ಲ ನಗು. ಅಜ್ಜಿ ತೊಡೆ ತಟ್ಟಿಕೊಂಡಳು. "ನೋಡು, ಅಷ್ಟು ದೂರದಿಂದ ಬಂದವಳೂ ನಮ್ಮ ಮಗೂಗೆ ಕಲಿಸ್ತಾಳೆ! ಹಾಸ್ಟೆಲ್ ಯಾಕೆ ಬೇಕು?"

ಮುಂದಿನ ಲೆಕ್ಕ ದೊಡ್ಡದು. ನೊಮಿನ್ ಎಣಿಸುವಾಗ ತಪ್ಪಿದಳು, ಏನೋ ಹೇಳಿದಳು. ಟೀಚರ್ ಹುಬ್ಬು ಗಂಟಿಕ್ಕಿದರು. ಫೋನಿನಿಂದ "ಭೇಷ್!" ಬಂತು. ಅದರ ಮುಂದಿನದಕ್ಕೆ ನೊಮಿನ್ ಎಣಿಸಲೇ ಇಲ್ಲ. ಬಾಯಿಗೆ ಬಂದದ್ದು ಹೇಳಿ, ಕತ್ತು ಮುಂದೆ ಚಾಚಿ ಕಾದಳು. "ಭೇಷ್!" ಮಗುವಿಗೆ ಗುಟ್ಟು ಸಿಕ್ಕಿಬಿಟ್ಟಿತ್ತು. ಆಮೇಲೆ ಕುರಿಯ ಹಾಗೆ ಅರಚಿದಳು. "ಭೇಷ್!" ನಾಯಿಯ ಹಾಗೆ ಬೊಗಳಿದಳು. "ಭೇಷ್!" ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದಳು. ಎಲ್ಲರೂ ನಗುತ್ತಿದ್ದರು.

ಟೀಚರ್ ಮಾತ್ರ ಪರದೆಯ ಹತ್ತಿರ ಬಂದು ಕೇಳಿದರು: "ಇವರು ಯಾರನ್ನು ನೋಡುತ್ತಿದ್ದಾರೆ? ಎದುರಿಗೆ ಯಾರೋ ಇದ್ದಾರೆ."

ಇದ್ದವನು ನಾನು. ನನ್ನ ದನಿ ರೆಕಾರ್ಡ್ ಆಗಬಾರದೆಂದು ಬೆರಳಲ್ಲಿ ಉತ್ತರ ತೋರಿಸುತ್ತಿದ್ದೆ. ಎದುರಿಗೆ ಒಬ್ಬರಾದರೂ ಉತ್ತರ ಹೇಳದಿದ್ದರೆ ಅವಳಿಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ನಾನು ಬೇಕೆಂದೇ ತಪ್ಪು ಬೆರಳು ತೋರಿಸಿದರೆ ಕಣ್ಣಲ್ಲೇ ಗದರಿ, ಸರಿ ಮಾಡುವವರೆಗೂ ಸುಮ್ಮನೆ ಕಾಯುತ್ತಿದ್ದಳು. ಆಮೇಲೆಯೇ ಭೇಷ್. ಹಾಗಾಗಿ ಆ ಪಾಠಗಳಲ್ಲಿ ಒಂದು ಕಡೆ ಬೇಗ ಭೇಷ್ ಬರುತ್ತದೆ, ಇನ್ನೊಂದು ಕಡೆ ತಡವಾಗಿ. ಇದನ್ನು ಹೇಳಿದೆ. ಸುಜಾತ ಮೇಡಂ ಅದನ್ನು ಇಂಗ್ಲಿಷಿಗೆ ತಂದರು.

"ಮುಂದಿನ ಸಲ ಅವಳನ್ನೂ ಕರೆದುಕೊಂಡು ಬಾ. ಹೆಸರೇನು?" ಎಂದಳು ಅಜ್ಜಿ.

"ಮಂಜುಳಾ. ಈಗಿಲ್ಲ. ತೀರಿಕೊಂಡಳು," ಎಂದೆ.

ಬಾತ್ ಅದನ್ನು ಅವರ ಭಾಷೆಗೆ ತರುವ ಮುಂಚೆ ಸ್ವಲ್ಪ ಹಿಂಜರಿದ. ಕೇಳಿದ ಕೂಡಲೇ ಅಜ್ಜಿ ಮುಂದೆ ಬಾಗಿ ತನ್ನ ನಿಲುವಂಗಿಯ ಉದ್ದ ತೋಳನ್ನು ಫೋನಿನ ಮೇಲೆ ಎಳೆದು ಮುಚ್ಚಿದಳು. ಬಟ್ಟೆಯ ಕೆಳಗಿನಿಂದ ಪಾಠದ ದನಿ ಇನ್ನೂ ಬರುತ್ತಿತ್ತು. ನಾನು ಆಫ್ ಮಾಡಿದೆ. ಈ ಮನೆಯಲ್ಲಿ ತೀರಿಕೊಂಡವರ ಹೆಸರು ಹೇಳುವುದಿಲ್ಲ, ದೇವರಾದರು ಎನ್ನುತ್ತಾರೆ ಎಂದು ಬಾತ್ ವಿವರಿಸಿದ.

"ಹೋಗುವವರನ್ನು ದಿನಾ ಕೂಗಿದರೆ ಅವರು ಎತ್ತ ಹೋಗಬೇಕು?" ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಸಿಟ್ಟು ಬಂತು. ನಮ್ಮಲ್ಲಿ ಹಾಗಲ್ಲ ಎಂದೆ. ನಾವು ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಟ್ಟು ದಿನಕ್ಕೆ ನೂರು ಸಲ ಕರೆಯುತ್ತೇವೆ. ಹಬ್ಬದಲ್ಲಿ ಎಡೆ ಇಟ್ಟು, ಬನ್ನಿ ಉಣ್ಣಿ ಎನ್ನುತ್ತೇವೆ ಎಂದೆ. ಅಜ್ಜಿ ತಲೆಯಾಡಿಸಿ ನನ್ನ ಬಟ್ಟಲಿಗೆ ಮತ್ತೆ ಚಹಾ ಹಾಕಿದಳು. ನಾನು ಕುಡಿಯದೆ ಹೊರಗೆ ಬಂದೆ.

ಒಯುನ್ ಟೀಚರ್

ಡೇರೆಯ ಹಿಂದೆ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಿದ್ದಾಗ ಟೀಚರ್ ಬಂದರು. ಹಿಂದೆ ಸುಜಾತ ಮೇಡಂ, ಬಾತ್. ನಮ್ಮ ಶಾಲೆಯ ಟಿವಿ, ಈರಣ್ಣ, ಮೇಷ್ಟ್ರಿಲ್ಲದ ಹಟ್ಟಿಗಳು, ಎಲ್ಲವನ್ನೂ ಹೇಳಿದೆ. ಏನು ಮಾಡಲಿ ಎಂದು ಕೇಳಿಯೂ ಬಿಟ್ಟೆ. ಪರವೂರಿನವರನ್ನು ಹಾಗೆ ಕೇಳುವುದು ಸುಲಭ.

ಅವರು ಕೊರೊನಾ ಕಾಲದಲ್ಲಿ ತಾವೂ ಟಿವಿ ಪಾಠ ಮಾಡಿದ್ದಾಗಿ ಹೇಳಿದರು. "ನಾನೂ ಪ್ರಶ್ನೆ ಕೇಳಿ, ಸ್ವಲ್ಪ ಬಿಟ್ಟು, ಬಹಳ ಚೆನ್ನಾಗಿ ಹೇಳಿದೆ ಅಂತಿದ್ದೆ. ಶಾಲೆ ತೆರೆದ ಮೇಲೆ ಒಬ್ಬಳು ಹುಡುಗಿ ಒಂದು ಅಕ್ಷರವನ್ನು ಇನ್ನೊಂದು ಅಕ್ಷರ ಅಂತ ಓದಿದಳು. ತಪ್ಪು ಅಂದೆ. ಅತ್ತುಬಿಟ್ಟಳು. ಯಾಕೆ ಅಳ್ತೀಯ, ತಪ್ಪಾದರೆ ತಿದ್ದಿಕೊಂಡರಾಯ್ತು ಅಂದೆ. ಅವಳು ಏನಂದಳು ಗೊತ್ತಾ? ಚಳಿಗಾಲ ಪೂರ್ತಿ ನಾನು ಹೀಗೇ ಹೇಳಿದೆ. ಟಿವಿಯಲ್ಲಿ ನೀವೇ ಸರಿ ಅಂದಿರಿ ಅಂದಳು."

ಗಾಳಿ ಜೋರಾಗಿತ್ತು. ಬಾತ್ ಸುಜಾತ ಮೇಡಂ ಕಿವಿಯ ಹತ್ತಿರ ಬಂದು ಹೇಳಬೇಕಾಗುತ್ತಿತ್ತು.

"ಹಾಗಾದರೆ ನೀವು ಟಿವಿ ಹಾಕೋದೇ ಇಲ್ವಾ?"

"ಹಾಕ್ತೀನಿ. ನಮ್ಮ ಮಕ್ಕಳು ಸಮುದ್ರ ನೋಡಿಲ್ಲ. ನಾನೂ ನೋಡಿಲ್ಲ. ಅದನ್ನು ಟಿವಿಯಲ್ಲೇ ತೋರಿಸಬೇಕು. ಆದರೆ ಮಗು ಲೆಕ್ಕ ಮಾಡುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು. ಇಲ್ಲ ಅಂದರೆ ನಾನು ಸುಳ್ಳು ಹೇಳ್ತಾ ಇರ್ತೀನಿ, ನನಗೇ ಗೊತ್ತಿಲ್ಲದೆ."

ಅವರು ಮೋಟಾರ್ ಸೈಕಲ್ ಹತ್ತಿ ಮುಂದಿನ ಡೇರೆಯ ಕಡೆ ಹೋದರು. ಹೋಗುವ ಮುಂಚೆ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ನೊಮಿನ್ ಹಾಸ್ಟೆಲ್ಲಿಗೆ ಹೋದಳೋ, ಅವಳ ತಾಯಿಯೇ ಆ ಊರಿನಲ್ಲಿ ಬಿಡಾರ ಮಾಡಿದಳೋ ನನಗೆ ಗೊತ್ತಾಗಲಿಲ್ಲ. ಆರು ವರ್ಷದ ಮಗುವನ್ನು ಮನೆಯಿಂದ ಬಿಡಿಸುವುದು ಸರಿಯೆಂದು ನಾನಂತೂ ಹೇಳಲಾರೆ. ಶಾಲೆ ಮಗುವಿನ ಬಳಿಗೆ ಬರಬೇಕು. ನಮ್ಮ ಹಟ್ಟಿಗೆ ಬಂದಿತ್ತು. ಆ ಒಂದು ವಿಷಯದಲ್ಲಿ ನಾವು ಮೇಲೆಂದು ಅಲ್ಲಿ ನಿಂತು ಅಂದುಕೊಂಡೆ. ಆಮೇಲೆ, ಈಗಲೂ ಇದೆಯೇ ಎಂದು ಕೇಳಿಕೊಂಡೆ.

ಈರಣ್ಣನಿಗೆ ಫೋನು

ಉಲಾನ್‌ಬಾತರ್‌ಗೆ ವಾಪಸ್ ಬಂದ ದಿನ ನಾನೇ ಅವನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ತಿಳಿಸಿ ಕೊನೆಗೆ ಹೇಳಿದೆ: ಮೇಷ್ಟ್ರು ಕೂತಿರುವ ಕಡೆ ಮಾತ್ರ ಅವಳ ಪಾಠ ಹಾಕಬೇಕು; ಮೇಷ್ಟ್ರಿಲ್ಲದ ಕಡೆಗೆ ಕೊಡುವುದಿಲ್ಲ, ನಮ್ಮ ಶಾಲೆಗೂ ಅಷ್ಟೇ.

"ಅಲ್ಲಲೇ, ಮೇಷ್ಟ್ರಿದ್ರೆ ಇದ್ಯಾಕೆ ಬೇಕಾಗಿತ್ತು? ಮಕ್ಳ ಹತ್ರ ಐತೆ ಅಂತ ಇರೋದೇ ಅಷ್ಟು. ಅದನ್ನೂ ಕಿತ್ಕಂತೀಯಾ?"

"ಟಿವಿ ಐತೆ ಅಂತಾನೇ ಮೇಷ್ಟ್ರು ಬರ್ತಿಲ್ಲ ಕಣಣ್ಣ."

"ಕುರಿ ನೋಡ್ಕಂಡು ಬಾ ಅಂದ್ರೆ ಲಾಯರಾಗಿ ಬತ್ತಾವ್ನೆ! ನಿಜ ಹೇಳು. ಅವ್ಳ ದನೀನ ನೀನೊಬ್ನೇ ಮಡಿಕ್ಕಂಬೇಕು ಅಂತ ತಾನೇ?"

ಫೋನ್ ಇಟ್ಟ ಮೇಲೂ ಆ ಮಾತು ಬಿಡಲಿಲ್ಲ. ವಿಮಾನದಲ್ಲಿ ಪಕ್ಕದವರನ್ನು ಎಷ್ಟು ಸಲ ಎಬ್ಬಿಸಿ ಓಡಾಡಿದೆನೋ. ಅವನು ಹೇಳಿದ್ದರಲ್ಲಿ ನಿಜವಿಲ್ಲವೆಂದು ಹೇಳಲಾರೆ. ಮುಚ್ಚಿಟ್ಟುಕೊಳ್ಳಬೇಕು ಎನ್ನುವ ಆಸೆ ನನಗೆ ಇತ್ತು. ಅದಕ್ಕೇ ಹೇಳುತ್ತಿದ್ದೇನೆಯೇ? ಮಕ್ಕಳಿಗಾಗಿ ಹೇಳುತ್ತಿದ್ದೇನೆಯೇ? ಶಾಲೆಯೊಳಗೆ ಹೋಗಿ ನೋಡದೆ ಗೊತ್ತಾಗುವಂತಿರಲಿಲ್ಲ.

ಹಟ್ಟಿ

ಕೆರೆ ಏರಿಯ ದಾರಿ ಬಿಟ್ಟು ಶಾಲೆಯ ಮುಂದೆಯೇ ಹೋದೆ. ಮೇಷ್ಟ್ರು ಬಾರದ ದಿನ. ಪಾಠ ನಡೆಯುತ್ತಿತ್ತು. ಚಪ್ಪಲಿ ಬಿಟ್ಟು ಹಿಂದೆ ಗೋಡೆಗೆ ಒರಗಿ ಕುಳಿತೆ. ಪರದೆಯಲ್ಲಿ ಅವಳು ನಮ್ಮ ಮನೆಯಲ್ಲಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದಳು. ಮೊರದಲ್ಲಿ ಹದಿಮೂರು ಬೀಜ, ಐದನ್ನು ಸರಿಸಿದಳು. ಎಷ್ಟು ಉಳಿಯಿತು ಎಂದಳು. ಮಕ್ಕಳು ಒಟ್ಟಿಗೆ ಕೂಗಿದರು. ರಸ್ತೆಯಿಂದ ಕೇಳಿದಾಗ ಅದು ಒಂದೇ ಉತ್ತರದಂತೆ ಕೇಳಿತ್ತು. ಒಳಗೆ ಕೂತರೆ ಒಬ್ಬೊಬ್ಬರದು ಒಂದೊಂದು. "ಭೇಷ್!"

"ಸಾಕಮ್ಮಕ್ಕ, ನಿಲ್ಲಿಸು," ಎಂದೆ.

"ಯಾಕಣ್ಣ, ಮಿಸ್ಸು ಇನ್ನೂ ಹೇಳ್ತಾವ್ರೆ."

"ನಿಲ್ಸು."

ಪರದೆ ಕಪ್ಪಾಯಿತು. "ಹಾಕು ಮಾವ, ಹಾಕು" ಎಂದು ಮಕ್ಕಳು ಗಲಾಟೆ ಮಾಡಿದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಮುಂದೆ ಕುಳಿತಿದ್ದ ಪಲ್ಲವಿ, ಈರಣ್ಣನ ಮೊಮ್ಮಗಳು.

"ನೀನು ಎಷ್ಟು ಅಂದೆ?"

"ಹದ್ನೆಂಟು."

"ಬೀಜ ತೆಗೆದ್ರೆ ಜಾಸ್ತಿ ಆಗ್ತವೇನವ್ವ? ತಪ್ಪು."

ಅವಳ ಮುಖ ಕೆಂಪಾಯಿತು. "ಮಿಸ್ಸು ಭೇಷ್ ಅಂದ್ರಲ್ಲ!"

"ಅದು ನಿನಗಂದಿದ್ದಲ್ಲ."

"ಮತ್ಯಾರಿಗೆ?"

"ನನಗೆ," ಎಂದೆ.

ಹಿಂದಿನ ಸಾಲಿನವನೊಬ್ಬ, "ಮಾವಂಗೂ ಲೆಕ್ಕ ಬರ್ತಿರ್ಲಿಲ್ವಂತೆ ಕಣ್ರೋ!" ಎಂದ. ಎಲ್ಲ ನಕ್ಕವು. ಪಲ್ಲವಿಯೂ ಅಳುವುದನ್ನು ಅರ್ಧಕ್ಕೆ ಬಿಟ್ಟು ನಕ್ಕಳು.

ಸಾಕಮ್ಮ ಅಡುಗೆ ಕೋಣೆಯಿಂದ ಒಂದು ಹಿಡಿ ಹುಣಸೆ ಬೀಜ ತಂದು ನೆಲಕ್ಕೆ ಹಾಕಿದಳು. ಈರಣ್ಣ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದನೋ ಗೊತ್ತಿಲ್ಲ. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡು, ಮೊಮ್ಮಗಳು ಎಣಿಸುವುದನ್ನೇ ನೋಡುತ್ತಿದ್ದ. ಅವಳು ಎರಡು ಸಲ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದಳು.

"ಸೋಮ್ವಾರ ಹೊರಡಾನ ಕಣ್ಲಾ, ಹಟ್ಟಿಯೋರೆಲ್ಲಾ. ಮೇಷ್ಟ್ರುನ್ನ ಕೊಡಾಗಂಟ ಬಿಇಒ ಆಫೀಸ್ ಬಾಗ್ಲಲ್ಲೇ ಕುಂತ್ಕಳಾನ," ಎಂದ. ನನ್ನ ಕಡೆ ನೋಡಲಿಲ್ಲ.

ಪಲ್ಲವಿ "ಎಂಟು" ಎಂದಳು. ಹೇಳಿ ಟಿವಿಯ ಕಡೆ ತಿರುಗಲಿಲ್ಲ, ನನ್ನ ಮುಖ ನೋಡಿದಳು. ನಾನು ಅವಸರ ಮಾಡಲಿಲ್ಲ. ನೆಲದ ಮೇಲೆ ಉಳಿದಿದ್ದ ಬೀಜಗಳನ್ನು ನಾನೂ ಬೆರಳಿಟ್ಟು ಎಣಿಸಿ ನೋಡಿದೆ. ಆಮೇಲೆ ಸರಿ ಎಂದೆ.